ಔಷಧ ಮುಗಿಸಿದ ಕೂಸುಗಳ ಮನೆಯವರಿಗೆ

ಹಿಮ್ಯಾಂಜಿಯೋಮಾ ಎಂಬ ಕೆಂಪು ಗಂಟಿಗೆ ಪ್ರೊಪ್ರನೊಲಾಲ್ ಕುಡಿಯುತ್ತಿದ್ದ ಕೂಸುಗಳು ಈಗ ಔಷಧ ಮುಗಿಸಿವೆ. ಡೊಂಬಿವಲಿ, ಥಾಣೆ, ಮೀರಾರೋಡಿನಿಂದ ಲೋಕಲ್ ಹಿಡಿದು ಬಂದ ಕನ್ನಡದ ಮನೆಗಳಿಗೆ ಮುಂಬಯಿಯ ನಮ್ಮ ಚರ್ಮ ವಿಭಾಗದ ಎಲ್ಲರಿಂದ ಮನಸಾರೆ ವಂದನೆ.

ಬೇಗ ಬಂದಿರಿ, ಅದೇ ದೊಡ್ಡ ಉಪಕಾರ. ಹುಟ್ಟಿದಾಗ ಕಂಡೂ ಕಾಣದಂತಿರುವ ಈ ಗಂಟು 5ರಿಂದ 8ನೇ ವಾರದಲ್ಲಿ ಭರಭರನೆ ಬೆಳೆಯುತ್ತದೆ. ವರ್ಷದ ಹೊತ್ತಿಗೆ ತಾನಾಗಿ ಕುಗ್ಗತೊಡಗುತ್ತದೆ ಎಂಬುದು ನಿಜ. ಬಹಳಷ್ಟಕ್ಕೆ ಔಷಧವೇ ಬೇಡ. ಆದರೆ ರೆಪ್ಪೆಯ ಮೇಲಿದ್ದರೆ ದೃಷ್ಟಿಗೆ ಅಡ್ಡ, ತುಟಿಯಲ್ಲೋ ಲಂಗೋಟಿಯ ಜಾಗದಲ್ಲೋ ಇದ್ದರೆ ಒಡೆದು ಹುಣ್ಣು. ಕೆಂಪಿನ ನಡುವೆ ಬೂದುಬಿಳುಪು ಮೂಡಿದ್ದನ್ನು ಫೋಟೊ ತೆಗೆದು ಆ ದಿನವೇ ತೋರಿಸಿದ ತಾಯಂದಿರಿಂದ ಎಷ್ಟೋ ಹುಣ್ಣು ತಪ್ಪಿತು.

2008ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ, ಹೃದಯಕ್ಕೆಂದು ಕೊಟ್ಟ ಈ ಮಾತ್ರೆಯಿಂದ ಗಂಟು ಮೆತ್ತಗಾದದ್ದನ್ನು ಗಮನಿಸಿ ಬರೆದ ವೈದ್ಯರಿಗೂ ನಾವು ಋಣಿ. ಅದಕ್ಕೆ ಮೊದಲು ಹೆಚ್ಚಾಗಿ ಸ್ಟೀರಾಯ್ಡೇ ಗತಿಯಾಗಿತ್ತು.

ಔಷಧ ಕುಡಿಸುವ ಕಷ್ಟವೆಲ್ಲ ನಿಮ್ಮದು. ಕಿಲೋಗೆ ದಿನಕ್ಕೆ 2 ಮಿ.ಗ್ರಾಂ ಎಂದರೆ 5 ಕಿಲೋದ ಕೂಸಿಗೆ ಹೊತ್ತಿಗೆ 5 ಮಿ.ಗ್ರಾಂ, ದಿನಕ್ಕೆ ಎರಡು ಹೊತ್ತು, ನಡುವೆ ಕನಿಷ್ಠ 9 ಗಂಟೆ. ಚಮಚ ಬಿಟ್ಟು ಸೂಜಿಯಿಲ್ಲದ ಸಿರಿಂಜಿನಲ್ಲೇ ಅಳೆದಿರಿ. ಬಾಟಲಿ ಬದಲಾದಾಗಲೆಲ್ಲ ಒಂದು ಮಿ.ಲೀ.ಯಲ್ಲಿ ಎಷ್ಟು ಮಿ.ಗ್ರಾಂ ಎಂದು ಕೇಳಿದಿರಿ. ಅಳತೆ ತಪ್ಪುವುದು ಹೆಚ್ಚಾಗಿ ಅಲ್ಲೇ. ಹಾಲು ಕುಡಿಸದೆ ಔಷಧ ಹಾಕಲಿಲ್ಲ. ಹಾಲು ಬಿಟ್ಟಾಗ, ವಾಂತಿಯಾದಾಗ, ಉಬ್ಬಸ ಬಂದಾಗ ಆ ಹೊತ್ತಿನದು ನಿಲ್ಲಿಸಿ ನಮಗೆ ಫೋನ್ ಮಾಡಿದಿರಿ. ಬರಿಹೊಟ್ಟೆಯಲ್ಲಿ ಈ ಔಷಧ ಸಕ್ಕರೆ ಇಳಿಸುತ್ತದೆ. ಕೂಸು ಬೆವರಿ, ಸೋತು, ಎಬ್ಬಿಸಿದರೂ ಏಳದಂತಾಗಬಹುದು. ಕುಡಿದದ್ದು ಕಕ್ಕಿದಾಗ ಮತ್ತೆ ಹಾಕದೆ ಮುಂದಿನ ಹೊತ್ತಿಗೆ ಕಾದ ನಿಮ್ಮ ತಾಳ್ಮೆ ದೊಡ್ಡದು.

ಅಜ್ಜಿಯರಿಗೆ ಬೇರೆಯಾಗಿಯೇ ಕೈಮುಗಿಯಬೇಕು. ಬಸಿರಿನಲ್ಲಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂಬ ಮಾತನ್ನು ಮನೆಯಲ್ಲಿ ನಿಲ್ಲಿಸಿದವರು ಅವರೇ. ಬಾಣಂತಿಯ ಕಣ್ಣೀರು ಒರೆಸಲು ನಮ್ಮ ವಿವರಣೆಗಿಂತ ಅದೇ ಹೆಚ್ಚು ಸಹಾಯವಾಯಿತು. ಸುಣ್ಣ, ಅರಿಶಿನ ಹಚ್ಚದೆ ಚರ್ಮ ಉಳಿಸಿದ್ದೂ ಅವರೇ.

ನೆರೆಹೊರೆಯ ಕೂಸುಗಳನ್ನೂ ಕಳಿಸುತ್ತಿದ್ದೀರಿ, ಸಂತೋಷ. ಹುಟ್ಟಿನಿಂದಲೇ ಚಪ್ಪಟೆಯಾಗಿದ್ದು, ಮಾಸದೆ ಮಗುವಿನೊಡನೆ ಹಿಗ್ಗುವ ದ್ರಾಕ್ಷಾರಸದ ಬಣ್ಣದ ಮಚ್ಚೆ ಬೇರೆ. ಅದಕ್ಕೆ ಈ ಔಷಧ ಕೆಲಸ ಮಾಡದು, ಲೇಸರ್ ಬೇಕು. ಮೈಮೇಲೆ ಐದು ಅಥವಾ ಅದಕ್ಕಿಂತ ಹೆಚ್ಚು ಗಂಟುಗಳಿದ್ದರೆ ಯಕೃತ್ತಿನ ಸೋನೊಗ್ರಫಿ ಆಗಬೇಕು. ಗದ್ದದ ಸುತ್ತ ಗಂಟಿದ್ದು ಉಸಿರಿನಲ್ಲಿ ಗೊರಗೊರ ಸದ್ದಿದ್ದರೆ ಆ ದಿನವೇ ಕರೆತನ್ನಿ.

ಔಷಧ ನಿಲ್ಲಿಸಿದ ಮೇಲೆ ಕೆಲವರಲ್ಲಿ ಗಂಟು ಮತ್ತೆ ಕೆಂಪೇರುತ್ತದೆ. ಮೊದಲ ಕೆಲವು ತಿಂಗಳು ತಿಂಗಳಿಗೊಮ್ಮೆ, ಅದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಡಿ. ಉಬ್ಬಿದಂತೆ ಕಂಡರೆ ಉಳಿದ ಔಷಧವನ್ನು ನೀವಾಗಿ ಶುರುಮಾಡಬೇಡಿ. ತೂಕ ಹೆಚ್ಚಿರುವುದರಿಂದ ಹಳೆಯ ಅಳತೆ ಹೊಂದುವುದಿಲ್ಲ. ಕೂಸನ್ನು ಕರೆದುಕೊಂಡು ಬನ್ನಿ.