ಮಲಯಾಳ ಗೊತ್ತಿಲ್ಲ ಎಂದ ದಿನ

ಪ್ರಿಯ ಗೆಳೆಯಾ,

ಪೆಂತೆಕೋಸ್ತ ಎಂದರೆ ಎಂಥ ಹಬ್ಬ, ಅದಕ್ಕೆ ಏನು ತಿಂಡಿ ಮಾಡುತ್ತೀರಿ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ವಿಶೇಷ ತಿಂಡಿಯಿಲ್ಲ. ಉಳಿದದ್ದನ್ನು ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಈಸ್ಟರಿನಿಂದ ಎಣಿಸಿದರೆ 50ನೆಯ ದಿನ. ಈ ಸಲ ಇಗರ್ಜಿಯಲ್ಲಿ ಬೈಬಲಿನ ಮೊದಲ ವಾಚನದ ಸರದಿ ನನ್ನದು. ಯೆರೂಸಲೇಮಿನ ಮನೆಯೊಂದರಲ್ಲಿ ಯೇಸುವಿನ ಶಿಷ್ಯರು ಕೂಡಿದ್ದಾರೆ. ಬಿರುಗಾಳಿ ಬೀಸಿದಂಥ ಸದ್ದು. ಬೆಂಕಿಯಂಥ ನಾಲಗೆಗಳು ಒಬ್ಬೊಬ್ಬರ ಮೇಲೂ ಇಳಿಯುತ್ತವೆ. ಪವಿತ್ರಾತ್ಮ ತುಂಬಿದ ಅವರು ಬಾಯಿ ತೆರೆದರೆ, ಪಾರ್ಥಿಯ, ಮೆಸೊಪೊಟೇಮಿಯ, ಈಜಿಪ್ಟ್, ರೋಮ್, ಕ್ರೇಟ್, ಅರೇಬಿಯ ಎಂದು ಎಲ್ಲೆಲ್ಲಿಂದಲೋ ಬಂದವರಿಗೆ ತಮ್ಮ ತಮ್ಮ ಹುಟ್ಟುಭಾಷೆಯೇ ಕೇಳಿಸುತ್ತದೆ. ಕುಡಿದಿದ್ದಾರೆ ಎಂದು ಕೆಲವರು ನಗುತ್ತಾರೆ. ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ ಎನ್ನುತ್ತಾನೆ ಶಿಷ್ಯರಲ್ಲೊಬ್ಬನಾದ ಪೇತ್ರ.

ನನ್ನ ದನಿ ತಡವರಿಸಿದ್ದು ಅದಕ್ಕೂ ಮೊದಲು. ಮಾತಾಡುತ್ತಿರುವ ಇವರೆಲ್ಲ ಗಲಿಲಾಯದವರಲ್ಲವೇ ಎಂದು ಜನ ಬೆರಗಾಗುವ ಸಾಲಿನಲ್ಲಿ. ಎಷ್ಟು ವರ್ಷ ಕೇಳಿಯೂ ಇದನ್ನು ಗಮನಿಸಿರಲಿಲ್ಲ: ಅಂದು ನಾಲಗೆ ಬದಲಾದದ್ದು ಹೇಳಿದವರದು, ಕೇಳಿದವರದಲ್ಲ. ಎಲ್ಲರೂ ಒಂದಾಗಲಿ ಎಂದು ಯಾರ ಭಾಷೆಯನ್ನೂ ದೇವರು ಕಿತ್ತುಕೊಳ್ಳಲಿಲ್ಲ. ಬೈಬಲಿನ ಕಥೆಯಲ್ಲಿ ಬಾಬೆಲಿನ ಗೋಪುರ ಕಟ್ಟುತ್ತಿದ್ದವರ ಭಾಷೆಯನ್ನು ದೇವರು ಕಲಸಿಬಿಡುವ ಮೊದಲು ಇದ್ದ ಒಂದೇ ಭಾಷೆಗೆ ಮರಳಿಸಲೂ ಇಲ್ಲ.

ಅದರ ಹಿಂದಿನ ಗುರುವಾರದ ಸಂಗತಿ ಬರೆಯಬೇಕೆಂದಿರಲಿಲ್ಲ. ಬರೆದುಬಿಡುತ್ತೇನೆ.

ಕನ್ನಡದಲ್ಲಿ ತುಂಬಿಸಿದ ಅರ್ಜಿಯನ್ನು ಅಂದು ಒಂದು ಕಚೇರಿಯಲ್ಲಿ ಹಿಂದಕ್ಕೆ ಕೊಟ್ಟಿದ್ದರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಹಿರಿಯರು ನುಂಗುತ್ತಾ ಬಂದ ಸಿಟ್ಟು ನಿನಗೆ ಹೇಳಬೇಕಾಗಿಲ್ಲ. ಅದೇ ಸಿಟ್ಟಿನಲ್ಲಿ ಕಾಸರಗೋಡು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ವಯಸ್ಸಾದ ಹೆಂಗಸೊಬ್ಬರು ಬಂದು, ಮುಳ್ಳೇರಿಯದ ಬಸ್ ಯಾವುದೆಂದು ಮಲಯಾಳದಲ್ಲಿ ಕೇಳಿದರು. ಕೈಯಲ್ಲಿ ಔಷಧದ ಚೀಟಿ, ಬೆವರಿಗೆ ಒದ್ದೆಯಾಗಿ ನಾಲ್ಕು ಮಡಿಕೆಯಾಗಿತ್ತು. ನನಗೆ ಮಲಯಾಳ ಗೊತ್ತಿಲ್ಲ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮುಳ್ಳೇರಿಯದ ಬಸ್ ನಮ್ಮಿಬ್ಬರ ಎದುರಿನಿಂದಲೇ ಹೊರಟು ಹೋಯಿತು. ನಾನು ನೋಡುತ್ತಾ ನಿಂತೆ.

ನನಗೆ ಮಲಯಾಳ ಕಲಿಸಿದ್ದು ನಿನ್ನ ಅಮ್ಮ. ನಿಮ್ಮ ಮನೆಯ ಜಗಲಿಯಲ್ಲಿ ಹಲಸಿನ ಸೊಳೆ ಬಿಡಿಸುತ್ತಾ, ಮೇಣ ಅಂಟಿದ ಬೆರಳಿನಿಂದ ತಮ್ಮ ಬಾಯಿಯನ್ನೇ ತೋರಿಸಿ, ನಾಲಗೆಯನ್ನು ಹೀಗೆ ಮೇಲಕ್ಕೆ ಮಡಿಸು ಎಂದು ‘ಮೞ’ (ಮಳೆ), ‘ಪೞಂ’ (ಹಣ್ಣು) ಹೇಳಿಸಿದ್ದರು. ಹಳಗನ್ನಡದಲ್ಲಿದ್ದು ನಾವು ಕಳೆದುಕೊಂಡ ೞಕಾರ ನನಗೆ ಮತ್ತೆ ಸಿಕ್ಕಿದ್ದು ಅವರ ಬಾಯಿಂದ. ಮನೆಯಲ್ಲಿ ಮಲಯಾಳ ಆಡಿ ಶಾಲೆಯಲ್ಲಿ ಕನ್ನಡ ಓದಿದವನು ನೀನು. ಮನೆಯಲ್ಲಿ ಕೊಂಕಣಿ ಆಡುವ ನಾನು, ಸಪ್ತಭಾಷೆಗಳ ಊರು ನಮ್ಮದು ಎಂದು ಎಷ್ಟು ವೇದಿಕೆಗಳಲ್ಲಿ ಹೇಳಿಲ್ಲ! ಆ ಚೀಟಿ ಹಿಡಿದ ಕೈಯೆದುರು ನಾಲಗೆ ಮಡಿಸಲಾಗಲಿಲ್ಲ.

ಕನ್ನಡದ ಅರ್ಜಿಯನ್ನು ಮತ್ತೆ ಕೊಡುತ್ತೇನೆ, ಬಿಡುವುದಿಲ್ಲ. ನಮ್ಮ ಭಾಷೆಯಲ್ಲಿ ನಮ್ಮೊಡನೆ ಮಾತಾಡಿ ಎಂದು ಕೇಳುವುದೂ ಪೆಂತೆಕೋಸ್ತದ ನ್ಯಾಯವೇ. ಆದರೆ ಆ ನ್ಯಾಯ ಆ ತಾಯಿಗೂ ಸಲ್ಲಬೇಕಿತ್ತು. ಬಸ್ ಹೇಳುವುದಕ್ಕೆ ಬೆಂಕಿ ಇಳಿಯಬೇಕಾಗಿರಲಿಲ್ಲ, ಒಂದು ವಾಕ್ಯ ಸಾಕಿತ್ತು. ಆಮೇಲೆ ಎರಡು ಸಲ ಅದೇ ಹೊತ್ತಿಗೆ ಅಲ್ಲಿಗೆ ಹೋಗಿ ನಿಂತೆ. ಅವರು ಸಿಗಲಿಲ್ಲ.

ಸಾಕು. ಇಲ್ಲಿ ಮಳೆ ಹಿಡಿದಿದೆ. ನಿನ್ನ ಹಳದಿ ಕೊಡೆ ಇನ್ನೂ ನಮ್ಮ ಅಟ್ಟದಲ್ಲಿದೆ. ಬಂದಾಗ ಒಯ್ಯಿ, ಇಲ್ಲವೇ ಅದರ ಸುದ್ದಿ ಎತ್ತಬೇಡ. ಈ ಪತ್ರವನ್ನು ಅಮ್ಮನಿಗೆ ನೀನೇ ಓದಿ ಹೇಳು, ಮಲಯಾಳದಲ್ಲಿ. ಬಸ್ಸಿನ ಭಾಗವನ್ನು ಬಿಡಬೇಡ.

ನಿನ್ನ,
ಹಿಂದಿನ ಬೆಂಚಿನವನು