ಐದನೆಯ ದಿನ ಚಿತ್ತಾರಕ್ಕೆ

ಮ್ಯಾಂಚೆಸ್ಟರ್

ತೀರ್ಥರೂಪ ಅಪ್ಪಯ್ಯನವರಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಸಾಗರದಲ್ಲಿ ಮಳೆ ಬಿಡುವು ಕೊಟ್ಟು, ತೋಟಕ್ಕೆ ಔಷಧಿ ಹೊಡೆದು ಮುಗಿದಿರಬಹುದು ಎಂದುಕೊಂಡಿದ್ದೇನೆ.

ಒಳ್ಳೆಯ ಕೆಲಸ ಕೈಯಲ್ಲಿರುವಾಗ ವಾರದಲ್ಲಿ ಒಂದು ದಿನ ಅದನ್ನು ಬಿಟ್ಟು ನಮ್ಮ ಕಡೆ ಗೋಡೆಗೆ ಬರೆಯುವ ಹಸೆ ಚಿತ್ತಾರ ಬರೆಯುತ್ತೇನೆ ಎನ್ನುವುದು ಸರಿಯೇ ಎಂದು ಅಪ್ಪಯ್ಯ ಕೇಳಿದ್ದಿರಿ. ಫೋನಿನಲ್ಲಿ ಸಮಾಧಾನವಾಗಿ ಹೇಳಲಾಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಪ್ರಯೋಗಾಲಯದಲ್ಲಿ ನನ್ನ ಕೆಲಸ, ಬಣ್ಣವು ಬೆಳಕಿಗೆ ಎಷ್ಟು ತಾಳುತ್ತದೆ ಎಂದು ಪರೀಕ್ಷಿಸುವುದು. ಬಿಸಿಲಿನಂತೆ ಪ್ರಖರವಾದ ಕ್ಸೆನಾನ್ ದೀಪದ ಕೆಳಗೆ ಮಾದರಿಯನ್ನೂ ಅದರ ಪಕ್ಕದಲ್ಲಿ ನೀಲಿ ಉಣ್ಣೆಯ 8 ಪಟ್ಟಿಗಳನ್ನೂ ಇಡುತ್ತೇವೆ. ಮೊದಲನೆಯದು ಎಲ್ಲಕ್ಕಿಂತ ಬೇಗ ಮಾಸುತ್ತದೆ, ಎಂಟನೆಯದು ಎಲ್ಲಕ್ಕಿಂತ ತಡವಾಗಿ, ಮಾದರಿ ಯಾವ ಪಟ್ಟಿಗೆ ಸಮನಾಗಿ ಮಾಸಿತೋ ಅದೇ ಅದರ ದರ್ಜೆ. ಅಜ್ಜಿ ಬರೆದುಕೊಟ್ಟಿದ್ದ ಚಿತ್ತಾರದ ಅಂಚಿನಿಂದ ಒಂದು ತುಂಡು ಕತ್ತರಿಸಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಮನೆಯ ಕಿಟಕಿಗೆ ಅಂಟಿಸಿದ್ದೆ. ಬೇಸಿಗೆ ಕಳೆದು ರಟ್ಟು ತೆಗೆದಾಗ ಕೆಮ್ಮಣ್ಣಿನ ಎಳೆಗಳಲ್ಲಿಯೂ ಸುಟ್ಟ ಅಕ್ಕಿಯ ಕಪ್ಪಿನಲ್ಲಿಯೂ ಮುಚ್ಚಿದ ಕಡೆಗೂ ತೆರೆದ ಕಡೆಗೂ ವ್ಯತ್ಯಾಸವೇ ಕಾಣಲಿಲ್ಲ; ಗುರಿಗೆ ಬೀಜದ ಹಳದಿ ಮಾತ್ರ ಬಿಸಿಲು ಬಿದ್ದ ಕಡೆ ಪೇಲವವಾಗಿತ್ತು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡು; ಅದು ಆಗಲೇ ಪೂರ್ತಿಯಾಗಿ ಆಮ್ಲಜನಕದೊಡನೆ ಕೂಡಿರುವುದರಿಂದ ಬೆಳಕು ಅದನ್ನು ಕೆಡಿಸಲಾರದು. ಕಪ್ಪು ಬಹುಪಾಲು ಇಂಗಾಲ. ಗಿಡಮರಗಳ ಹಳದಿಯಲ್ಲಿರುವ ಅಣುಗಳಾದರೋ ಬೆಳಕನ್ನು ಹೀರಿ ಹೀರಿ ಕೊನೆಗೆ ಒಡೆಯುತ್ತವೆ. ಇಷ್ಟು ತಿಳಿದ ಮೇಲೆ ಅಜ್ಜಿಯ ಕೈಕೆಲಸದ ಮೇಲಿನ ನನ್ನ ಗೌರವ ಇನ್ನೂ ಹೆಚ್ಚಿತು.

ಚಿತ್ತಾರದ ಕೆಲಸ ನನಗೆ ಕಲಿಸುವುದೂ ಇದೆ. ಅಕ್ಕಿಹಿಟ್ಟು ಗಟ್ಟಿಯಾದರೆ ನೀರು ಆರುವಾಗ ಪದರ ಕುಗ್ಗಿ ಬಿರಿಯುತ್ತದೆ, ತೆಳುವಾದರೆ ಹಿಂದಿನ ಕೆಂಪು ಇಣುಕುತ್ತದೆ; ಪುಂಡಿ ನಾರಿನ ಕುಂಚ ಎಷ್ಟು ಹಿಟ್ಟು ಹಿಡಿಯುತ್ತದೆಂಬುದು ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಬಣ್ಣದ ಪದರಗಳೇಕೆ ಬಿರಿಯುತ್ತವೆಂದು ಪುಸ್ತಕದಲ್ಲಿ ಓದಿದ್ದರೂ, ಅದು ನನಗೆ ಮನದಟ್ಟಾದದ್ದು ಎಳೆ ಎಳೆಯುವಾಗ.

ಅಪ್ಪಯ್ಯ, ರಸಾಯನಶಾಸ್ತ್ರದ ಮೊದಲ ಪಾಠ ಹೇಳಿಕೊಟ್ಟವರು ನೀವೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀರಿಗೆ ಸುಣ್ಣದ ನೀರು ಬೆರೆಸಿ, ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಿದ್ದಿರಿ. ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎನ್ನುತ್ತಿದ್ದಿರಿ. ಕರಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ ಎಂಬುದನ್ನು ಕಾಲೇಜಿನಲ್ಲಿ ಓದಿದಾಗ ನನಗೆ ಅದು ಹೊಸದೆನಿಸಲೇ ಇಲ್ಲ. ಒಂದೇ ಅಂಗಳದಲ್ಲಿ ನಿಮ್ಮ ಪೀಪಾಯಿಯೂ ಅಜ್ಜಿಯ ಬಣ್ಣದ ಕರಟಗಳೂ ಇದ್ದವು. ಎರಡರಲ್ಲಿ ಒಂದನ್ನು ಆರಿಸಬೇಕೆಂದು ಆಗ ಯಾರೂ ನನಗೆ ಹೇಳಿರಲಿಲ್ಲ.

ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಲೇ ಕನ್ನಡದಲ್ಲಿ ವಿಜ್ಞಾನ ಬರೆದ ಜೆ. ಆರ್. ಲಕ್ಷ್ಮಣರಾಯರು ನಿಮಗೆ ಗೊತ್ತು. ರಸಾಯನಶಾಸ್ತ್ರಜ್ಞರೂ ಸಂಗೀತ ರಚನಕಾರರೂ ಆಗಿದ್ದ ರಷ್ಯಾದ ಬೊರೊದಿನ್ ಅವರದು ನನ್ನನ್ನು ಎಚ್ಚರಿಸುವ ಕಥೆ: ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾಗಿ, 1872ರಲ್ಲಿ ಸಣ್ಣ ಇಂಗಾಲದ ಅಣುಗಳನ್ನು ಜೋಡಿಸುವ ಆಲ್ಡಾಲ್ ಕ್ರಿಯೆಯನ್ನು ವರದಿ ಮಾಡಿದವರಲ್ಲಿ ಒಬ್ಬರಾಗಿ, ಸಂಗೀತವನ್ನು ಬಿಡುವಿನ ವೇಳೆಗೆಂದೇ ಉಳಿಸಿಕೊಂಡಿದ್ದ ಅವರಿಗೆ ಆ ಬಿಡುವು ಸಾಕಾಗಲಿಲ್ಲ. 1869ರಲ್ಲಿ ಆರಂಭಿಸಿದ ಅವರ ಗೀತನಾಟಕ 1887ರಲ್ಲಿ ಅವರು ತೀರಿಕೊಂಡಾಗಲೂ ಅಪೂರ್ಣವಾಗಿತ್ತು. ಅದನ್ನು ಗೆಳೆಯರು ಮುಗಿಸಬೇಕಾಯಿತು. ನಿವೃತ್ತಿಯಾದ ಮೇಲೆ ಬರೆದರಾಯಿತು ಎಂದು ನೀವು ಅಂದಾಗ ನನಗೆ ನೆನಪಾದದ್ದು ಇದು.

ಆದ್ದರಿಂದ ವಾರಕ್ಕೆ ನಾಲ್ಕು ದಿನದ ಕೆಲಸಕ್ಕೆ ಒಪ್ಪಿಗೆ ಕೇಳಿ ಪಡೆದಿದ್ದೇನೆ. ಸಂಬಳದಲ್ಲಿ ಐದನೆಯ ಒಂದು ಪಾಲು ಕಡಿಮೆಯಾಗುತ್ತದೆ; ಊರಿಗೆ ಕಳಿಸುವ ಹಣದಲ್ಲಿ ಕಡಿತವಾಗದಂತೆ ಖರ್ಚನ್ನು ಹೊಂದಿಸಿಕೊಂಡಿದ್ದೇನೆ. ನಿಮಗೆ ಪೂರ್ತಿ ಒಪ್ಪಿಗೆ ಇಲ್ಲದಿದ್ದರೂ ನನ್ನ ಕಾರಣಗಳು ತಿಳಿದಿರಲಿ.

ಅಮ್ಮ, ಮಣ್ಣು, ಬೀಜ ಏನನ್ನೂ ಕಳಿಸಬೇಡ, ಇಲ್ಲಿಗೆ ತರಲು ಕಟ್ಟುನಿಟ್ಟಿನ ನಿಯಮಗಳಿವೆ. ಅಕ್ಕಿಯನ್ನು ಎಷ್ಟು ಹೊತ್ತು ನೆನೆಸಬೇಕು, ಪುಂಡಿ ನಾರನ್ನು ಹೇಗೆ ಜಜ್ಜಿ ಕುಂಚ ಮಾಡಬೇಕು, ಹಳದಿಗೆ ಏನೇನು ಬೆರೆಸುತ್ತಾರೆ ಎಂದು ಅಜ್ಜಿಯನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸು.

ಇಂತಿ ನಿಮ್ಮ ಪ್ರೀತಿಯ ಮಗಳು