ಇಸಿಜಿ ನಾರ್ಮಲ್ ಬಂದರೆ ಸಾಕಾ?

ಸಂಪಾದಕರಿಗೆ ನಮಸ್ಕಾರ,

‘ಇಸಿಜಿ ನಾರ್ಮಲ್ ಬಂದಿದೆ, ಇನ್ನೇನೂ ಭಯವಿಲ್ಲ’ ಎಂದು ಜನ ನಿರಾಳವಾಗಿಬಿಡುತ್ತಾರೆ. ಈ ನಂಬಿಕೆ ಅಪಾಯಕಾರಿ, ಅದಕ್ಕೇ ಬರೆಯುತ್ತಿದ್ದೇನೆ.

ಹೃದಯದ ಬಲಭಾಗದ ಮೇಲಿನ ಕೋಣೆಯ ಗೋಡೆಯಲ್ಲಿ ಜೀವಕೋಶಗಳ ಪುಟ್ಟ ಗುಂಪೊಂದಿದೆ. ಅಲ್ಲಿ ಹುಟ್ಟುವ ವಿದ್ಯುತ್ ಅಲೆಯಿಂದ ಮೊದಲು ಮೇಲಿನ ಎರಡು ಕೋಣೆಗಳು ಹಿಂಡಿಕೊಳ್ಳುತ್ತವೆ, ಆಮೇಲೆ ಅಲೆ ಒಂದು ಕ್ಷಣ ತಡೆದು ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಆ ತಡೆ ಸುಮ್ನೆ ಅಲ್ಲ. ಕೆಳಗಿನ ಕೋಣೆಗಳು ರಕ್ತ ತುಂಬಿಕೊಳ್ಳಲು ಅಷ್ಟು ಸಮಯ ಬೇಕು. ಇಸಿಜಿ ದಾಖಲಿಸುವುದು ಈ ವಿದ್ಯುತ್ತಿನ ಓಡಾಟವನ್ನು, ಅದೂ ಸಾಮಾನ್ಯವಾಗಿ 10 ಸೆಕೆಂಡಿನಷ್ಟು ಮಾತ್ರ! ರಕ್ತನಾಳ ಕಿರಿದಾಗಿದ್ದರೂ, ಮಲಗಿರುವಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಸಿಗುತ್ತಿದ್ದರೆ ಗೆರೆಗಳು ಚೆನ್ನಾಗೇ ಕಾಣಬಹುದು. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವುದು ಅದಕ್ಕೇ ಅಲ್ವಾ? ಕವಾಟ ಸರಿಯಾಗಿ ಮುಚ್ಚುತ್ತಿದೆಯೇ, ಪ್ರತಿ ಬಡಿತಕ್ಕೂ ಎಷ್ಟು ರಕ್ತ ಹೊರಬೀಳುತ್ತಿದೆ ಎಂಬುದು ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ, ತಿಳಿಯುತ್ತದೆ. ಹೃದಯಾಘಾತದ ಅನುಮಾನವಿದ್ದರೆ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ರಕ್ತಪರೀಕ್ಷೆ ಇದೆ, ಅದನ್ನೂ ಕೆಲವೊಮ್ಮೆ ಒಂದೆರಡು ಗಂಟೆ ಬಿಟ್ಟು ಮತ್ತೆ ಮಾಡಬೇಕಾಗುತ್ತದೆ.

ಸ್ಮಾರ್ಟ್‌ವಾಚ್ ನಾಡಿ ಎಣಿಸುತ್ತದೆ, ಕೆಲವು ತಾಳ ತಪ್ಪಿದ ಬಡಿತವನ್ನೂ ಹಿಡಿಯುತ್ತವೆ. ಹೃದಯಾಘಾತವನ್ನು ಹಿಡಿಯುವುದಿಲ್ಲ. ಎದೆ ಬಿಗಿಯಾಗಿ ಬೆವರುತ್ತಿರುವವರು ವಾಚಿನಲ್ಲಿ 72 ಕಂಡಿತೆಂದೋ ಹೋದ ತಿಂಗಳ ರಿಪೋರ್ಟ್ ಚೆನ್ನಾಗಿತ್ತೆಂದೋ ಮನೆಯಲ್ಲೇ ಕೂರಬೇಡಿ, ತಕ್ಷಣ ಆಂಬುಲೆನ್ಸ್ ಕರೆಸಿ.

ಯಾವ ಪರೀಕ್ಷೆ ಏನನ್ನು ತೋರಿಸುತ್ತದೆ, ಮುಖ್ಯವಾಗಿ ಏನನ್ನು ತೋರಿಸುವುದಿಲ್ಲ ಎಂದು ನಿಮ್ಮ ಆರೋಗ್ಯ ಪುಟದಲ್ಲಿ ವೈದ್ಯರಿಂದ ಬರೆಸಿ, ದಯವಿಟ್ಟು.

– ನಿಮ್ಮ ಓದುಗ